ಕಾಲು ಉಳಿಸಲು ಬೈಪಾಸೋ, ಬಲೂನೋ? ಎರಡು ಅಧ್ಯಯನಗಳು ಎರಡು ತೀರ್ಪು ಕೊಟ್ಟಿದ್ದೇಕೆ

ಕಾಲಿನ ರಕ್ತನಾಳ ಕಟ್ಟಿಕೊಂಡು, ಬೆರಳು ಕಪ್ಪಾಗಿ, ಕಾಲನ್ನೇ ತೆಗೆಯಬೇಕಾದೀತು ಎಂಬ ಹಂತ ತಲುಪಿದ ರೋಗಿಗೆ ಮೊದಲು ಯಾವ ಚಿಕಿತ್ಸೆ ಕೊಡಬೇಕು ಎಂಬುದು ವೈದ್ಯರ ನಡುವಿನ ಹಳೆಯ ಜಗಳ. ಕಾಲನ್ನು ಕೊಯ್ದು ಬೈಪಾಸ್ ಜೋಡಿಸಬೇಕೋ, ತೊಡೆಸಂದಿಯಲ್ಲಿ ಸೂಜಿ ಚುಚ್ಚಿ ಬಲೂನು ಹಾಯಿಸಿ ಕಟ್ಟಿಕೊಂಡ ನಾಳವನ್ನು ಹಿಗ್ಗಿಸಬೇಕೋ? 2022ರ ನವೆಂಬರ್‌ನಲ್ಲಿ ಷಿಕಾಗೊದಲ್ಲಿ ಪ್ರಕಟವಾದ ದೊಡ್ಡದೊಂದು ಅಧ್ಯಯನ ಬೈಪಾಸ್ ಪರವಾಗಿ ನಿಂತಿತು. ಆರು ತಿಂಗಳು ಕಳೆಯುವ ಮೊದಲೇ, 2023ರ ಏಪ್ರಿಲ್‌ನಲ್ಲಿ, ಬ್ರಿಟನ್ ನೇತೃತ್ವದ ಇನ್ನೊಂದು ಅಧ್ಯಯನ ಬಲೂನಿನ ಪರವಾಗಿ ನಿಂತಿತು. ಎರಡೂ ಮುಖ್ಯವಾಗಿ ಸರ್ಕಾರಿ ಹಣದಲ್ಲಿ ನಡೆದವು. ಎರಡರಲ್ಲೂ ಯಾರಿಗೆ ಯಾವ ಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಎರಡೂ ಪ್ರಕಟವಾದದ್ದು ವೈದ್ಯಲೋಕದ ಅತ್ಯಂತ ಗೌರವದ ಪತ್ರಿಕೆಗಳಲ್ಲಿ.

ಅಂದಿನಿಂದ ಇಂದಿನವರೆಗೆ ಒಬ್ಬ ತಜ್ಞರು ಮೊದಲನೆಯದನ್ನು, ಇನ್ನೊಬ್ಬರು ಎರಡನೆಯದನ್ನು ಮುಂದಿಟ್ಟು ಮಾತಾಡುತ್ತಿದ್ದಾರೆ. ಇಬ್ಬರ ಮಾತನ್ನೂ ಕೇಳಿದ ರೋಗಿಯ ಮನೆಯವರಿಗೆ ವಿಜ್ಞಾನವೇ ಎಡವಿದಂತೆ ತೋರುತ್ತದೆ. ಆದರೆ ಈ ಎರಡು ಅಧ್ಯಯನಗಳು ಕೇಳಿದ ಪ್ರಶ್ನೆಯೂ ಒಂದಲ್ಲ, ಅಳೆದ ಕೋಲೂ ಒಂದಲ್ಲ. ಅದನ್ನು ಬಿಡಿಸಿ ನೋಡಿದರೆ ವಿರೋಧದ ಬಹುಪಾಲು ಕರಗುತ್ತದೆ. ಕರಗದೆ ಉಳಿಯುವ ಭಾಗವೂ ಒಂದಿದೆ.

ಯಾವ ಕಾಯಿಲೆಯ ಮಾತಿದು

ಹೃದಯದಿಂದ ಕಾಲಿಗೆ ರಕ್ತ ಒಯ್ಯುವ ಅಪಧಮನಿಗಳ ಒಳಗೋಡೆಗೆ ಕೊಬ್ಬು ಮತ್ತು ಸುಣ್ಣದಂಶ ಮೆತ್ತಿಕೊಂಡು ದಾರಿ ಕಿರಿದಾದಾಗ, ಮೊದಲು ಕಾಣುವುದು ನಡೆದಾಗ ಮೀನಖಂಡದಲ್ಲಿ ಬರುವ ನೋವು. ನಿಂತರೆ ಹೋಗುತ್ತದೆ, ಮತ್ತೆ ನಡೆದರೆ ಬರುತ್ತದೆ. ಈ ಹಂತದಲ್ಲಿರುವ ಬಹುಪಾಲು ಜನರಿಗೆ ತಂಬಾಕು ಬಿಡುವುದು, ಔಷಧಿ ಮತ್ತು ಕ್ರಮವಾದ ನಡಿಗೆಯೇ ಮೊದಲ ಚಿಕಿತ್ಸೆ. ಅವರಲ್ಲಿ ಕಾಲು ಕಳೆದುಕೊಳ್ಳುವವರು ಕಡಿಮೆ.

ಅಪಾಯವಿರುವುದು ಮುಂದಿನ ಹಂತದಲ್ಲಿ. ಮಲಗಿದಾಗಲೂ ಪಾದ ಉರಿಯುತ್ತದೆ. ರಾತ್ರಿ ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟರೆ ತುಸು ಹಾಯೆನಿಸುತ್ತದೆ, ಏಕೆಂದರೆ ಆಗ ಗುರುತ್ವದ ಬಲವೂ ಸೇರಿ ನಾಲ್ಕು ಹನಿ ರಕ್ತ ಹೆಚ್ಚು ಇಳಿಯುತ್ತದೆ. ಆಮೇಲೆ ಎರಡು ವಾರ ಕಳೆದರೂ ಮಾಯದ ಹುಣ್ಣು, ಕೊನೆಗೆ ಗ್ಯಾಂಗ್ರೀನ್. ಈ ಹಂತವನ್ನು ವೈದ್ಯರು ‘ಕಾಲಿಗೆ ಕುತ್ತು ತರುವ ದೀರ್ಘಕಾಲಿಕ ರಕ್ತಕೊರತೆ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ; ಆ ಹೆಸರಿನ ಇಂಗ್ಲಿಷ್ ಹ್ರಸ್ವರೂಪ ‘ಸಿಎಲ್‌ಟಿಐ’.

ಸಕ್ಕರೆ ಕಾಯಿಲೆ ಇದ್ದವರಲ್ಲಿ ಲೆಕ್ಕ ಇನ್ನಷ್ಟು ಜಟಿಲ. ನರಗಳು ಜಡವಾಗಿರುವುದರಿಂದ ನೋವೇ ತಿಳಿಯದೆ ಕಾಯಿಲೆ ನೇರವಾಗಿ ಹುಣ್ಣಿನ ರೂಪದಲ್ಲಿ ಎದುರಾಗಬಹುದು. ತೋಳಿನ ಮತ್ತು ಪಾದದ ಕೀಲಿನ ರಕ್ತದೊತ್ತಡವನ್ನು ಹೋಲಿಸುವ ಸರಳ ಪರೀಕ್ಷೆಯಲ್ಲಿ 0.9ಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಆದರೆ ಮಧುಮೇಹಿಗಳ ನಾಳಗಳು ಸುಣ್ಣಗಟ್ಟಿ ಕೊಳವೆಯಂತೆ ಬಿಗಿಯಾಗಿರುವುದರಿಂದ, ಕಟ್ಟಿದ ಪಟ್ಟಿ ಅವನ್ನು ಅದುಮಲಾರದೆ, ಒತ್ತಡ ಸರಿಯಾಗಿಯೇ ಇದೆ ಎಂಬ ಸುಳ್ಳು ಅಂಕಿ ಬರುತ್ತದೆ. ಅವರಲ್ಲಿ ಕಾಲಿನ ಹೆಬ್ಬೆರಳಿನ ಒತ್ತಡ ಅಳೆಯಬೇಕು. ಜೊತೆಗೆ, ಮಧುಮೇಹ ಹೆಚ್ಚಾಗಿ ಕಾಡುವುದು ಮಂಡಿಯ ಕೆಳಗೆ ಪಾದದತ್ತ ಇಳಿಯುವ ಮೂರು ಸಣ್ಣ ಅಪಧಮನಿಗಳನ್ನು. ತಂಬಾಕು ಮೇಲಿನ ದೊಡ್ಡ ನಾಳಗಳನ್ನೂ ಬಿಡುವುದಿಲ್ಲ. ಕಟ್ಟಿಕೊಂಡ ಜಾಗ ಮಂಡಿಯ ಮೇಲೋ ಕೆಳಗೋ ಎಂಬ ಈ ಭೇದವನ್ನು ನೆನಪಿನಲ್ಲಿಡುವುದು ಒಳ್ಳೆಯದು, ಮುಂದೆ ಅದೇ ಕೀಲಿಕೈ ಆಗಲಿದೆ.

ಎರಡು ದಾರಿಗಳು

ಬೈಪಾಸ್ ಹಳೆಯ ದಾರಿ. 1948ರಲ್ಲಿ ಪ್ಯಾರಿಸ್‌ನಲ್ಲಿ ಜಾನ್ ಕುನ್ಲಿನ್ ಎಂಬ ಶಸ್ತ್ರವೈದ್ಯರು ರೋಗಿಯ ಕಾಲಿನದೇ ಅಭಿಧಮನಿಯೊಂದನ್ನು ತೆಗೆದು, ಕಟ್ಟಿಕೊಂಡ ಅಪಧಮನಿಯ ಮೇಲ್ಭಾಗಕ್ಕೂ ಕೆಳಭಾಗಕ್ಕೂ ಹೊಲಿದರು. ಮುಚ್ಚಿದ ರಸ್ತೆಯ ಪಕ್ಕದಲ್ಲಿ ಹೊಸ ರಸ್ತೆ ಮಾಡಿದ ಹಾಗೆ. ಇದಕ್ಕೆ ಬಳಸುವುದು ಪಾದದ ಕೀಲಿನಿಂದ ತೊಡೆಸಂದಿಯವರೆಗೆ ಕಾಲಿನ ಒಳಮಗ್ಗುಲಲ್ಲಿ ಚರ್ಮದ ಕೆಳಗೇ ಹಾದುಹೋಗುವ ಸಫೀನಸ್ ಎಂಬ ಉದ್ದನೆಯ ನಾಳ. ಅದರೊಳಗಿನ ಕವಾಟಗಳು ರಕ್ತವನ್ನು ಮೇಲಕ್ಕಷ್ಟೇ ಬಿಡುವುದರಿಂದ, ಹೊಲಿಯುವ ಮುನ್ನ ನಾಳವನ್ನು ತಲೆಕೆಳಗು ಮಾಡಬೇಕು, ಇಲ್ಲವೇ ಕವಾಟಗಳನ್ನು ಒಳಗಿನಿಂದ ಕತ್ತರಿಸಬೇಕು. ಈ ನಾಳ ಸಣ್ಣದಿದ್ದರೆ ಅಥವಾ ಮೊದಲೇ ಬೇರೆಡೆ ಬಳಕೆಯಾಗಿದ್ದರೆ ಕೃತಕ ಕೊಳವೆ ಹಾಕಬಹುದು. ಆದರೆ ಮಂಡಿಯ ಕೆಳಗೆ ಕೃತಕ ಕೊಳವೆ ಸ್ವಂತ ನಾಳದಷ್ಟು ಕಾಲ ತೆರೆದಿರುವುದಿಲ್ಲ, ಸೋಂಕು ತಗುಲಿದರಂತೂ ಅದನ್ನು ಕಿತ್ತು ತೆಗೆಯುವುದೇ ಇನ್ನೊಂದು ದೊಡ್ಡ ಶಸ್ತ್ರಕ್ರಿಯೆ.

ಎರಡನೆಯ ದಾರಿ ಶುರುವಾದದ್ದು 1964ರ ಜನವರಿಯಲ್ಲಿ, ಅಮೆರಿಕದ ಪೋರ್ಟ್‌ಲೆಂಡ್‌ನಲ್ಲಿ. ಪಾದಕ್ಕೆ ಗ್ಯಾಂಗ್ರೀನ್ ಆಗಿ, ಕಾಲು ತೆಗೆಸಿಕೊಳ್ಳಲು ಒಪ್ಪದ 82 ವರ್ಷದ ವೃದ್ಧೆಯೊಬ್ಬರ ತೊಡೆಯ ನಾಳದಲ್ಲಿ ಚಾರ್ಲ್ಸ್ ಡಾಟರ್ ಎಂಬ ವಿಕಿರಣತಜ್ಞರು ಒಂದಕ್ಕಿಂತ ಒಂದು ದಪ್ಪನೆಯ ನಳಿಕೆಗಳನ್ನು ತೂರಿಸಿ ದಾರಿ ಬಿಡಿಸಿದರು. ಆ ಕಾಲು ಉಳಿಯಿತು. ಹತ್ತು ವರ್ಷದ ನಂತರ ಜ್ಯೂರಿಕ್‌ನ ಆಂಡ್ರಿಯಾಸ್ ಗ್ರುಂಟ್ಸಿಗ್ ನಳಿಕೆಯ ಜಾಗಕ್ಕೆ ಬಲೂನು ತಂದರು. ಇವತ್ತು ಹೃದಯಕ್ಕೆ ಮಾಡುವ ಆಂಜಿಯೋಪ್ಲಾಸ್ಟಿಯೆಂದು ಮನೆಮನೆಗೆ ಗೊತ್ತಿರುವುದು ಹುಟ್ಟಿದ್ದು ಕಾಲಿನಲ್ಲಿ ಎಂಬುದು ಅನೇಕರಿಗೆ ತಿಳಿಯದು.

ಬಲೂನಿನ ಲಾಭ ಕಣ್ಣಿಗೆ ಕಾಣುವಂಥದ್ದು: ಉದ್ದದ ಗಾಯವಿಲ್ಲ, ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕಿಲ್ಲ, ಒಂದೆರಡು ದಿನದಲ್ಲಿ ಮನೆಗೆ ಹೋಗಬಹುದು. ನಷ್ಟ ಆಮೇಲೆ ಕಾಣುತ್ತದೆ. ಹಿಗ್ಗಿಸಿದ ನಾಳ ತಿಂಗಳುಗಳಲ್ಲಿ ಮತ್ತೆ ಕುಗ್ಗಬಹುದು, ಅದರಲ್ಲೂ ಮಂಡಿಯ ಕೆಳಗೆ. ಹಾಗಾದಾಗ ಮತ್ತೆ ಬಲೂನು, ಮತ್ತೊಮ್ಮೆ ಆಸ್ಪತ್ರೆ.

ಮೊದಲ ಅಧ್ಯಯನ ಕಂಡದ್ದು

‘ಬೆಸ್ಟ್-ಸಿಎಲ್‌ಐ’ ಎಂಬ ಮೊದಲ ಅಧ್ಯಯನಕ್ಕೆ ಅಮೆರಿಕ, ಕೆನಡಾ, ಫಿನ್ಲೆಂಡ್, ಇಟಲಿ, ನ್ಯೂಜಿಲೆಂಡ್‌ಗಳ 150 ಆಸ್ಪತ್ರೆಗಳಿಂದ 1830 ರೋಗಿಗಳು ಸೇರಿದ್ದರು. ಅದರ ಜಾಣತನವಿದ್ದದ್ದು ರೋಗಿಗಳನ್ನು ಮೊದಲೇ ಎರಡು ಗುಂಪು ಮಾಡಿದ್ದರಲ್ಲಿ. ಒಳ್ಳೆಯ ಸಫೀನಸ್ ನಾಳ ಇರುವವರು 1434 ಮಂದಿ. ಅದಿಲ್ಲದೆ ಬೇರೆ ಕೊಳವೆ ಬೇಕಾದವರು 396 ಮಂದಿ.

ಮೊದಲ ಗುಂಪಿನಲ್ಲಿ, ಸರಾಸರಿಯಾಗಿ ಎರಡೂಮುಕ್ಕಾಲು ವರ್ಷ ಗಮನಿಸಿದಾಗ, ದೊಡ್ಡ ಮರುಚಿಕಿತ್ಸೆ, ಪಾದದ ಕೀಲಿನ ಮೇಲೆ ಕಾಲು ತೆಗೆಯುವುದು ಅಥವಾ ಸಾವು, ಈ ಮೂರರಲ್ಲಿ ಒಂದಾದರೂ ಸಂಭವಿಸಿದ್ದು ಬೈಪಾಸ್ ಆದವರಲ್ಲಿ ಶೇ 42.6ರಷ್ಟು, ಬಲೂನು ಚಿಕಿತ್ಸೆ ಆದವರಲ್ಲಿ ಶೇ 57.4ರಷ್ಟು. ದೊಡ್ಡ ಅಂತರವೇ ಸರಿ. ಒಳ್ಳೆಯ ನಾಳವಿಲ್ಲದ ಎರಡನೆಯ ಗುಂಪಿನಲ್ಲಿ ಅಂಕಿಗಳು ಶೇ 42.8 ಮತ್ತು ಶೇ 47.7, ಈ ಅಂತರ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು. ಅಂದರೆ ಅಧ್ಯಯನ ಹೇಳಿದ್ದು ‘ಬೈಪಾಸ್ ಮೇಲು’ ಎಂದಲ್ಲ. ‘ಸ್ವಂತದ ಒಳ್ಳೆಯ ನಾಳ ಇದ್ದರೆ ಬೈಪಾಸ್ ಮೇಲು’ ಎಂದು. ಸುದ್ದಿಯ ತಲೆಬರಹಗಳಲ್ಲಿ ಆ ಮೊದಲರ್ಧ ಬಿದ್ದುಹೋಯಿತು.

ಎರಡನೆಯ ಅಧ್ಯಯನ ಕಂಡದ್ದು

‘ಬೇಸಿಲ್-2’ ಚಿಕ್ಕದು. ಬ್ರಿಟನ್, ಸ್ವೀಡನ್, ಡೆನ್ಮಾರ್ಕ್‌ಗಳ 41 ರಕ್ತನಾಳ ಶಸ್ತ್ರಚಿಕಿತ್ಸಾ ಘಟಕಗಳಲ್ಲಿ, 2014ರಿಂದ 2020ರ ನಡುವೆ ಸೇರಿದವರು 345 ಮಂದಿ. ಎಲ್ಲರಿಗೂ ಮಂಡಿಯ ಕೆಳಗಿನ ನಾಳಗಳಿಗೆ ಚಿಕಿತ್ಸೆ ಬೇಕಿತ್ತು ಎಂಬುದೇ ಸೇರ್ಪಡೆಯ ಷರತ್ತು. ಇಲ್ಲಿ ಅಳತೆಗೋಲು ಬೇರೆ: ರೋಗಿ ಎಷ್ಟು ಕಾಲ ಕಾಲನ್ನೂ ಪ್ರಾಣವನ್ನೂ ಒಟ್ಟಿಗೆ ಉಳಿಸಿಕೊಂಡರು? ಬೈಪಾಸ್ ಗುಂಪಿನ ಶೇ 63 ಮಂದಿ ಎರಡರಲ್ಲೊಂದನ್ನು ಕಳೆದುಕೊಂಡರು. ಬಲೂನ್ ಗುಂಪಿನಲ್ಲಿ ಶೇ 53. ಅರ್ಧದಷ್ಟು ರೋಗಿಗಳು ಈ ನಷ್ಟವಿಲ್ಲದೆ ಉಳಿದ ಅವಧಿ ಬೈಪಾಸ್‌ನಲ್ಲಿ 3.3 ವರ್ಷ, ಬಲೂನಿನಲ್ಲಿ 4.4 ವರ್ಷ.

ಈ ಅಂತರ ಬಂದದ್ದು ಎಲ್ಲಿಂದ? ಕಾಲು ಕಳೆದುಕೊಂಡವರ ಪ್ರಮಾಣ ಹೆಚ್ಚುಕಡಿಮೆ ಸಮ, ಶೇ 20 ಮತ್ತು ಶೇ 18. ಸಾವಿನ ಪ್ರಮಾಣವೇ ಬೇರೆಯಾದದ್ದು: ಬೈಪಾಸ್‌ನಲ್ಲಿ ಶೇ 53, ಬಲೂನಿನಲ್ಲಿ ಶೇ 45. ಕಾಲಿನ ಚಿಕಿತ್ಸೆಯನ್ನು ಹೋಲಿಸಲು ಹೊರಟ ಅಧ್ಯಯನದ ತೀರ್ಪನ್ನು ಬರೆದದ್ದು ಕಾಲಲ್ಲ, ಉಳಿದ ದೇಹ.

ವಿರೋಧ ಎಲ್ಲಿ ಕರಗುತ್ತದೆ, ಎಲ್ಲಿ ಉಳಿಯುತ್ತದೆ

ಮೊದಲನೆಯದಾಗಿ ಅಳತೆಗೋಲಿನ ಮಾತು. ಬೆಸ್ಟ್-ಸಿಎಲ್‌ಐ ದೊಡ್ಡ ಮರುಚಿಕಿತ್ಸೆಯನ್ನೂ ಸೋಲೆಂದು ಎಣಿಸಿತು. ಬೇಸಿಲ್-2ರ ಮುಖ್ಯ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ. ಬಲೂನಿನ ದುರ್ಬಲತೆಯೇ ಮರುಚಿಕಿತ್ಸೆ. ಅದನ್ನು ಎಣಿಸಿದರೆ ಬಲೂನು ಸೋಲುತ್ತದೆ, ಎಣಿಸದಿದ್ದರೆ ಆ ಸೋಲು ಕಾಣುವುದಿಲ್ಲ. ಬೆಸ್ಟ್-ಸಿಎಲ್‌ಐನ ಮೊದಲ ಗುಂಪಿನಲ್ಲಿ ದೊಡ್ಡ ಮರುಚಿಕಿತ್ಸೆ ಬೇಕಾದದ್ದು ಬೈಪಾಸ್‌ನಲ್ಲಿ ಶೇ 9.2 ಮಂದಿಗೆ, ಬಲೂನಿನಲ್ಲಿ ಶೇ 23.5 ಮಂದಿಗೆ. ಒಟ್ಟು ಅಂತರದ ಮುಖ್ಯ ಪಾಲು ಇದೇ.

ಬಲೂನ್ ತಜ್ಞರ ಆಕ್ಷೇಪ ಹುಟ್ಟುವುದೂ ಇಲ್ಲಿಂದಲೇ. ಸುಮಾರು ಶೇ 15 ಮಂದಿಯಲ್ಲಿ ಮೊದಲ ಬಲೂನು ಪ್ರಯತ್ನವೇ ತಾಂತ್ರಿಕವಾಗಿ ವಿಫಲವಾಗಿತ್ತು. ಅಂಥವರನ್ನು ಬೈಪಾಸ್‌ಗೆ ಕಳಿಸಿದ ಕೂಡಲೇ ಅದು ‘ದೊಡ್ಡ ಮರುಚಿಕಿತ್ಸೆ’ ಎಂದು ದಾಖಲಾಯಿತು. ಬಲೂನನ್ನು ಒಯ್ಯುವ ತಂತಿ ಅಡ್ಡಿಯನ್ನು ದಾಟಲಿಲ್ಲವೆಂದು ಇನ್ನೊಂದು ದಾರಿ ಹಿಡಿಯುವುದು ರೋಗಿಯ ಪಾಲಿಗೆ ಕಾಲು ಕಳೆದುಕೊಂಡಷ್ಟೇ ದೊಡ್ಡ ಸೋಲೇ ಎಂದು ಅವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ ಇದರಿಂದ ಅಧ್ಯಯನವನ್ನು ಪೂರ್ತಿ ತಳ್ಳಿಹಾಕಲಾಗುವುದಿಲ್ಲ, ಏಕೆಂದರೆ ಮರುಚಿಕಿತ್ಸೆಯನ್ನು ಬದಿಗಿಟ್ಟು ಕಾಲು ತೆಗೆದದ್ದನ್ನಷ್ಟೇ ನೋಡಿದರೂ ಬೈಪಾಸ್‌ನಲ್ಲಿ ಶೇ 10.4, ಬಲೂನಿನಲ್ಲಿ ಶೇ 14.9 ಎಂಬ ಅಂತರ ಉಳಿಯುತ್ತದೆ. ಇನ್ನೊಂದು ಆಕ್ಷೇಪ, ಬಲೂನು ಚಿಕಿತ್ಸೆಯನ್ನೂ ಬಹುಪಾಲು ರಕ್ತನಾಳ ಶಸ್ತ್ರವೈದ್ಯರೇ ಮಾಡಿದರು, ಅದರಲ್ಲೇ ಪಳಗಿದ ಹೃದಯತಜ್ಞರೋ ವಿಕಿರಣತಜ್ಞರೋ ಮಾಡಿದ್ದರೆ ಫಲ ಬೇರೆಯಾಗುತ್ತಿತ್ತು ಎಂಬುದು. ಇರಬಹುದು. ಆದರೆ ‘ನನ್ನ ಕೈಯಲ್ಲಿ ಹೀಗಾಗುತ್ತಿರಲಿಲ್ಲ’ ಎಂಬ ವಾದವನ್ನು ಬೈಪಾಸ್ ಮಾಡುವವರೂ ಅಷ್ಟೇ ಸಲೀಸಾಗಿ ಹೂಡಬಹುದು.

ಎರಡನೆಯದು, ಕಟ್ಟಿಕೊಂಡ ಜಾಗ. ಬೆಸ್ಟ್-ಸಿಎಲ್‌ಐನಲ್ಲಿ ತೊಡೆಸಂದಿಯಿಂದ ಕೆಳಗಿನ ಯಾವ ಅಡ್ಡಿಯಿದ್ದರೂ ಸೇರಬಹುದಿತ್ತು. ಬೇಸಿಲ್-2ರಲ್ಲಿ ಮಂಡಿಯ ಕೆಳಗಿನ ಚಿಕಿತ್ಸೆ ಕಡ್ಡಾಯ. ಮಂಡಿಯ ಕೆಳಗೆ ಕಾಯಿಲೆ ಹಬ್ಬಿದ ರೋಗಿ ಎಂದರೆ ಸಾಮಾನ್ಯವಾಗಿ ಮಧುಮೇಹದ ಜೊತೆಗೆ ಮೂತ್ರಪಿಂಡ, ಹೃದಯಗಳೂ ಸೋತಿರುವ ರೋಗಿ. ಬೈಪಾಸ್‌ನ ಲಾಭ ನಿಧಾನವಾಗಿ, ವರ್ಷಗಳ ಮೇಲೆ ಸಿಗುವಂಥದ್ದು. ಅದರ ಅಪಾಯವನ್ನು ಮಾತ್ರ ಮೊದಲ ದಿನವೇ ತೆರಬೇಕು. ಬದುಕುವ ವರ್ಷಗಳೇ ಕಡಿಮೆ ಇರುವ ರೋಗಿಗೆ ಹಾಕಿದ ಬಂಡವಾಳ ಹಿಂದೆ ಬರುವುದಿಲ್ಲ. ಇದೇ ತಂಡ 2005ರಲ್ಲಿ ಪ್ರಕಟಿಸಿದ, 452 ರೋಗಿಗಳ ಮೊದಲ ಬೇಸಿಲ್ ಅಧ್ಯಯನವೂ ಇದನ್ನೇ ಸೂಚಿಸಿತ್ತು: ಆರಂಭದ ಎರಡು ವರ್ಷ ಎರಡೂ ಚಿಕಿತ್ಸೆಗಳು ಸಮಸಮ, ಎರಡು ವರ್ಷ ದಾಟಿ ಬದುಕಿದವರಲ್ಲಿ ಬೈಪಾಸ್ ಮುಂದೆ.

ಮೂರನೆಯ ಕಾರಣವೊಂದು ಸದ್ದಿಲ್ಲದೆ ಎರಡರೊಳಗೂ ಕೂತಿದೆ. ಯಾವ ರೋಗಿಗೆ ಎರಡು ದಾರಿಗಳೂ ಸಾಧ್ಯ ಎಂದು ವೈದ್ಯರಿಗೆ ಅನಿಸಿತೋ ಅವರನ್ನಷ್ಟೇ ಎರಡೂ ಅಧ್ಯಯನಗಳಿಗೆ ಸೇರಿಸಿಕೊಳ್ಳಲಾಯಿತು. ನೋಡಿದ ತಕ್ಷಣ ‘ಇವರು ಶಸ್ತ್ರಕ್ರಿಯೆ ತಡೆಯಲಾರರು’ ಅಥವಾ ‘ಇಲ್ಲಿ ಬಲೂನು ದಾಟದು’ ಎನಿಸಿದವರು ಹೊರಗುಳಿದರು. ಹೀಗಾಗಿ ಈ ಅಂಕಿಗಳು ಹೇಳುವುದು ನಡುವಿನ ಗುಂಪೊಂದರ ಬಗ್ಗೆ. ಆ ಗುಂಪಿನ ಗಡಿಯನ್ನು ಎರಡು ಕಡೆಯ ವೈದ್ಯರು ಎರಡು ಕಡೆ ಎಳೆದಿರುವ ಸಾಧ್ಯತೆಯೂ ಇದೆ.

ಇಷ್ಟಾದರೂ ಒಂದು ತುಂಡು ಕರಗದೆ ಉಳಿಯುತ್ತದೆ. ಬೇಸಿಲ್-2ರಲ್ಲಿ ಬೈಪಾಸ್ ಆದವರು ಹೆಚ್ಚು ಸತ್ತದ್ದೇಕೆ? ಬೆಸ್ಟ್-ಸಿಎಲ್‌ಐನ ಮೊದಲ ಗುಂಪಿನಲ್ಲಿ ಸಾವಿನ ಪ್ರಮಾಣ ಬೈಪಾಸ್‌ನಲ್ಲಿ ಶೇ 33, ಬಲೂನಿನಲ್ಲಿ ಶೇ 37.6, ಬೈಪಾಸ್ ಆಯುಸ್ಸು ಕಡಿಮೆ ಮಾಡುವ ಸೂಚನೆ ಅಲ್ಲಿ ಇಲ್ಲ. 345 ಜನರ ಅಧ್ಯಯನದಲ್ಲಿ ಇಂಥ ಅಂತರ ಒಂದಿಷ್ಟು ಆಕಸ್ಮಿಕದಿಂದಲೂ ಬರಬಹುದು, ದೊಡ್ಡ ಶಸ್ತ್ರಕ್ರಿಯೆಯ ಏಟನ್ನು ಕುಗ್ಗಿದ ಹೃದಯ ತಾಳದ್ದರಿಂದಲೂ ಬರಬಹುದು. ಎರಡರಲ್ಲಿ ಯಾವುದೆಂದು ಈಗಿನ ಅಂಕಿಗಳು ಬಿಡಿಸಿ ಹೇಳುವುದಿಲ್ಲ.

ಔಷಧಿ ಲೇಪಿತ ಬಲೂನಿನ ಪಾಠ

ಬಲೂನಿನ ದೌರ್ಬಲ್ಯ ನಾಳ ಮತ್ತೆ ಕುಗ್ಗುವುದೇ ಆಗಿದ್ದರೆ, ಕುಗ್ಗದಂತೆ ಔಷಧಿ ಲೇಪಿಸಿದ ಬಲೂನು, ಸ್ಟೆಂಟ್ ಹಾಕಿದರಾಯಿತಲ್ಲ ಎಂಬುದು ಸಹಜ ಯೋಚನೆ. ಪ್ಯಾಕ್ಲಿಟಾಕ್ಸೆಲ್ ಲೇಪನದ ಈ ಸಾಧನಗಳು ತೊಡೆಯ ನಾಳವನ್ನು ಹೆಚ್ಚು ಕಾಲ ತೆರೆದಿಟ್ಟವು. 2018ರ ಕೊನೆಯಲ್ಲಿ ಅವುಗಳಿಂದ ಸಾವು ಹೆಚ್ಚಬಹುದೆಂಬ ವಿಶ್ಲೇಷಣೆ ಬಂದು ಗದ್ದಲವೆದ್ದಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಕೆ ಕೊಟ್ಟಿತು, 2023ರ ಜುಲೈನಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಇಷ್ಟೆಲ್ಲ ಆದಮೇಲೆ ಸ್ವೀಡನ್ನಿನಲ್ಲಿ ಕಾಲಿಗೆ ಕುತ್ತಿದ್ದ 2300ಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನ, ಔಷಧಿ ಲೇಪನದಿಂದ ಕಾಲು ತೆಗೆಯುವುದು ಕಡಿಮೆಯಾಗಲಿಲ್ಲ ಎಂದಿತು. ಆಂಜಿಯೋಗ್ರಾಮ್ ಚಿತ್ರದಲ್ಲಿ ನಾಳ ತೆರೆದು ಕಾಣುವುದಕ್ಕೂ ಕಾಲು ಉಳಿಯುವುದಕ್ಕೂ ನಡುವೆ ದೂರವಿದೆ. ದುಬಾರಿ ಸಾಧನದ ಖರ್ಚು ಸ್ವಂತ ಜೇಬಿನಿಂದ ಹೋಗುವ ಕಡೆ ಈ ದೂರವನ್ನು ರೋಗಿಗೆ ಮೊದಲೇ ಹೇಳಬೇಕಾಗುತ್ತದೆ.

ನಮ್ಮಲ್ಲಿ ಇದರ ಅರ್ಥವೇನು

2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆ. 2016–17ರ ವಯಸ್ಕರ ತಂಬಾಕು ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕರಲ್ಲಿ ಸುಮಾರು ಶೇ 23 ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಈ ಎರಡು ಅಂಕಿಗಳು ಕೂಡುವ ಜಾಗವೇ ಈ ಕಾಯಿಲೆ. ಬೀಡಿ ಸೇದುವ ಯುವಕರಲ್ಲಿ ಕಾಣುವ ಬರ್ಗರ್ ಕಾಯಿಲೆಯನ್ನು ಇದರೊಂದಿಗೆ ಬೆರೆಸಬಾರದು. ಅಲ್ಲಿ ಪಾದದ ತುದಿಯ ಸಣ್ಣ ನಾಳಗಳೇ ಉರಿಯೂತದಿಂದ ಮುಚ್ಚಿಹೋಗುವುದರಿಂದ ಬೈಪಾಸ್‌ನ ಕೆಳತುದಿಯನ್ನು ಹೊಲಿಯಲು ಹಲವೊಮ್ಮೆ ಜಾಗವೇ ಸಿಗುವುದಿಲ್ಲ. ತಂಬಾಕನ್ನು ಪೂರ್ತಿ ಬಿಡುವುದೇ ಅಲ್ಲಿನ ಮುಖ್ಯ ಚಿಕಿತ್ಸೆ.

ಪಾಶ್ಚಾತ್ಯ ಅಧ್ಯಯನಗಳ ಚರ್ಚೆ ಇಬ್ಬರು ತಜ್ಞರೂ ಒಂದೇ ಆಸ್ಪತ್ರೆಯಲ್ಲಿದ್ದಾರೆ ಎಂದು ಊಹಿಸಿಕೊಂಡಿದೆ. ನಮ್ಮಲ್ಲಿ ರಕ್ತನಾಳ ಶಸ್ತ್ರಚಿಕಿತ್ಸೆಯಲ್ಲೇ ತರಬೇತಾದವರು ಬೆಂಗಳೂರು ಮತ್ತು ಕೆಲವೇ ದೊಡ್ಡ ನಗರಗಳಲ್ಲಿದ್ದಾರೆ. ಆಂಜಿಯೋಪ್ಲಾಸ್ಟಿ ಮಾಡಬಲ್ಲ ಹೃದಯ ಘಟಕಗಳು ಅದಕ್ಕಿಂತ ಹೆಚ್ಚು ಊರುಗಳಲ್ಲಿವೆ. ಕಾಲು ತೆಗೆಯಬಲ್ಲ ಶಸ್ತ್ರವೈದ್ಯರು ಹೆಚ್ಚುಕಡಿಮೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲೂ ಇದ್ದಾರೆ. ಹೀಗಾಗಿ ರೋಗಿಗೆ ಬೈಪಾಸ್ ಆಗುತ್ತದೋ ಬಲೂನೋ ಅಥವಾ ನೇರವಾಗಿ ಕಾಲು ಹೋಗುತ್ತದೋ ಎಂಬುದನ್ನು ಅವರ ನಾಳಗಳಿಗಿಂತ ಹೆಚ್ಚಾಗಿ ಅವರು ಮೊದಲು ಹೊಕ್ಕ ಬಾಗಿಲೇ ತೀರ್ಮಾನಿಸುವುದುಂಟು. ತೂಗಿ ನೋಡಬೇಕಾದ ಎರಡು ದಾರಿಗಳು ಬೈಪಾಸ್ ಮತ್ತು ಬಲೂನು ಎಂದು ಅಧ್ಯಯನಗಳು ಹೇಳುತ್ತವೆ; ಹುಣ್ಣಿಗೆ ವಾರಗಟ್ಟಲೆ ಬರೀ ಡ್ರೆಸಿಂಗ್ ಮಾಡಿಸಿಕೊಂಡು ತಡವಾಗಿ ಬಂದ ರೋಗಿಯ ಎದುರು ಅವೆರಡೂ ಉಳಿದಿರುವುದಿಲ್ಲ.

ಹಣದ ಲೆಕ್ಕವೂ ಬೇರೆಯೇ. 2017ರಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್‌ಗಳ ಬೆಲೆಗೆ ಮಿತಿ ಹಾಕಿದ್ದು ಅನೇಕರಿಗೆ ನೆನಪಿದೆ. ಆ ಆದೇಶ ಹೃದಯದ ಸ್ಟೆಂಟ್‌ಗಳಿಗೆ ಸಂಬಂಧಿಸಿದ್ದು. ಬಲೂನು ಅಗ್ಗವೆಂದು ತೋರುವುದು ಮೊದಲ ಬಿಲ್ಲಿನಲ್ಲಿ. ಮರುಚಿಕಿತ್ಸೆ, ಓಡಾಟ, ಜೊತೆಗಿರುವವರ ಕಳೆದುಹೋದ ಕೂಲಿ ಸೇರಿಸಿದರೆ ಲೆಕ್ಕ ತಿರುಗಬಹುದು. ಹಾಗೆಯೇ ಬೈಪಾಸ್ ಆದ ಕಾಲಿನ ಉದ್ದನೆಯ ಗಾಯ ಮಾಯಲು ಹಿಡಿಯುವ ವಾರಗಳನ್ನು ಯಾವ ವಿಮಾ ಪ್ಯಾಕೇಜೂ ಎಣಿಸುವುದಿಲ್ಲ.

ಎರಡೂ ದಾರಿ ಮುಚ್ಚಿದವರಿಗೆ

ಬಲೂನೂ ದಾಟದ, ಬೈಪಾಸ್ ಹೊಲಿಯಲು ಪಾದದಲ್ಲಿ ಅಪಧಮನಿಯೇ ಉಳಿದಿಲ್ಲದ ರೋಗಿಗಳಿಗೆ ಈಚೆಗೊಂದು ಮೂರನೆಯ ದಾರಿ ಬಂದಿದೆ. ರಕ್ತವನ್ನು ಪಾದದಿಂದ ಹೊರಗೊಯ್ಯುವ ಅಭಿಧಮನಿಯನ್ನೇ ಒಳಗಿನಿಂದ ಅಪಧಮನಿಗೆ ಜೋಡಿಸಿ, ಹರಿವನ್ನು ಹಿಂದುಮುಂದು ಮಾಡಿ ಪಾದಕ್ಕೆ ರಕ್ತ ತಲುಪಿಸುವುದು ಅದರ ಉಪಾಯ. 2023ರಲ್ಲಿ ಪ್ರಕಟವಾದ 105 ರೋಗಿಗಳ ಅಧ್ಯಯನದಲ್ಲಿ ಆರು ತಿಂಗಳ ಹೊತ್ತಿಗೆ ಶೇ 66 ಮಂದಿ ಕಾಲು ಕಳೆದುಕೊಳ್ಳದೆ ಬದುಕಿದ್ದರು. ಅದೇ ವರ್ಷ ಅಮೆರಿಕದಲ್ಲಿ ಈ ಸಾಧನಕ್ಕೆ ಅನುಮತಿ ದೊರೆಯಿತು. ಹೋಲಿಕೆಗೆ ಎದುರು ಗುಂಪಿಲ್ಲದ ಅಧ್ಯಯನವಾದ್ದರಿಂದ ಇದನ್ನು ಭರವಸೆಯೆಂದು ಕಾಣಬಹುದು, ತೀರ್ಪೆಂದಲ್ಲ.

ಮುಂದೆ ಬದಲಾಗಲಿರುವುದು

ಎರಡು ಅಧ್ಯಯನಗಳ ಜಗಳದಿಂದ ಆದ ಮುಖ್ಯ ಬದಲಾವಣೆ ನಿರ್ಧಾರದ ಕ್ರಮದಲ್ಲಿ. 2019ರ ಜಾಗತಿಕ ಮಾರ್ಗಸೂಚಿ ಮೂರು ಸಂಗತಿಗಳನ್ನು ಈ ಸರದಿಯಲ್ಲೇ ನೋಡಬೇಕೆಂದಿತ್ತು: ರೋಗಿ ಶಸ್ತ್ರಕ್ರಿಯೆಯನ್ನು ತಾಳಬಲ್ಲರೇ, ಕಾಲಿನ ಹುಣ್ಣು, ರಕ್ತಕೊರತೆ, ಸೋಂಕು ಎಷ್ಟು ತೀವ್ರ, ನಾಳದ ಅಡ್ಡಿ ಎಲ್ಲಿ ಹೇಗಿದೆ. 2024ರ ಅಮೆರಿಕದ ಮಾರ್ಗಸೂಚಿ ಇದಕ್ಕೆ ಎರಡು ಅಂಶಗಳನ್ನು ಒತ್ತಿ ಸೇರಿಸಿತು. ನಿರ್ಧಾರ ಒಬ್ಬ ತಜ್ಞರದ್ದಾಗದೆ ಹಲವು ವಿಭಾಗಗಳ ತಂಡದ್ದಾಗಬೇಕು. ಎರಡೂ ಚಿಕಿತ್ಸೆ ಸಾಧ್ಯವಿರುವವರಲ್ಲಿ ಸಫೀನಸ್ ನಾಳವನ್ನು ಅಲ್ಟ್ರಾಸೌಂಡ್‌ನಲ್ಲಿ ಅಳೆದು ನೋಡಬೇಕು.

ಈ ಅಳತೆ ಮಂಚದ ಬಳಿಯೇ ಮುಗಿಯುವಂಥದ್ದು. ಗರ್ಭಿಣಿಯರಿಗೆ ಮಾಡುವ ಸ್ಕ್ಯಾನಿಂಗ್‌ನ ಜಾತಿಗೇ ಸೇರಿದ ಪರೀಕ್ಷೆ, ಚುಚ್ಚುವುದಿಲ್ಲ, ಕೊಯ್ಯುವುದಿಲ್ಲ. ಆದರೂ ಮೊದಲ ಬಲೂನಿಗೆ ಮುನ್ನ ಅದನ್ನು ಮಾಡಿಸದಿದ್ದರೆ, ಬೆಸ್ಟ್-ಸಿಎಲ್‌ಐನ ಯಾವ ಗುಂಪಿಗೆ ಈ ರೋಗಿ ಸೇರುತ್ತಾರೆ ಎಂಬುದೇ ತಿಳಿಯದು, ಅಂದರೆ ಆ ಅಧ್ಯಯನವನ್ನು ಇವರಿಗೆ ಅನ್ವಯಿಸಲೂ ಆಗದು. ಇದಕ್ಕೆ ಅಂಟಿಕೊಂಡ ಇನ್ನೊಂದು ಪರಿಣಾಮವಿದೆ. ಉಬ್ಬಿದ ನರವೆಂದು ಲೇಸರ್‌ನಿಂದ ಸುಟ್ಟು ಮುಚ್ಚುವುದು ಸಾಮಾನ್ಯವಾಗಿ ಇದೇ ಸಫೀನಸ್ ನಾಳವನ್ನು; ಹೃದಯದ ಬೈಪಾಸ್‌ಗೆ ತೆಗೆಯುವುದೂ ಇದನ್ನೇ. ಹೃದಯಕ್ಕೆ ಅದು ಬೇಕೇ ಬೇಕಾದಾಗ ಬೇರೆ ಮಾತಿಲ್ಲ. ಆದರೆ ಐವತ್ತು ದಾಟಿದ ಮಧುಮೇಹಿಯೊಬ್ಬರು ಅಂದಕ್ಕಾಗಿಯೋ ಸಣ್ಣ ಊತಕ್ಕಾಗಿಯೋ ಆ ನಾಳವನ್ನು ಲೇಸರ್‌ಗೆ ಒಡ್ಡುವ ಮುನ್ನ, ಹತ್ತು ವರ್ಷದ ಮೇಲೆ ಅದು ಅದೇ ಕಾಲಿಗೆ ಬೇಕಾದೀತೇ ಎಂದು ವೈದ್ಯರನ್ನು ಕೇಳಲು ಈಗ ಗಟ್ಟಿಯಾದ ಕಾರಣವಿದೆ.